ಟಂಕವೂ ಪತ್ತೂ

ಗದಗಿನ ಮೂಡಲಿಗಿರುವ ಲಕ್ಕುಂಡಿಗೆ ಹೋದವರು ಗುಡಿಗಳನ್ನು ಕಂಡು ತಣಿದು ಬರುವರು. ಆ ಊರಿನಲ್ಲಿ ಒಮ್ಮೆ ಟಂಕಸಾಲೆಯಿದ್ದುದನ್ನು ನೆನೆಯುವವರು ವಿರಳ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಅಚ್ಚಾದ ಹೊನ್ನು 'ಲೊಕ್ಕಿಗದ್ಯಾಣ'ವೆಂದು ಊರ ಹೆಸರನ್ನೇ ಹೊತ್ತು ಶಾಸನಗಳನ್ನು ಸೇರಿತು. ಅದರ ಬೆಲೆ ಅದರ ಮೈಯಲ್ಲಿಯೇ ಇತ್ತು; ತಕ್ಕಡಿಯೂ ಒರೆಗಲ್ಲೂ ಸಾಕ್ಷಿ.

ಆದರೆ ಬಿತ್ತನೆಯ ಹೊತ್ತಿಗೆ ಬೀಜವಿಲ್ಲದ ಒಕ್ಕಲುಮಗನಿಗೆ ಒರೆಗಲ್ಲಿನಿಂದೇನು? ಹೊಲವನ್ನು ಸಾಹುಕಾರನಿಗೆ ಬರೆದುಕೊಟ್ಟರೆ, ಮಳೆ ಬಂದರೂ ಬೆಳೆ ತನ್ನದಲ್ಲ. ಈ ಸಂಕಟಕ್ಕೆ ಉತ್ತರವನ್ನು ಹುಡುಕಿದುದೂ ಗದಗ ಸೀಮೆಯೇ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. 1904ರ ಕಾಯಿದೆಯು ಗ್ರಾಮಸಂಘಗಳಿಗೆ ವಿಧಿಸಿದ ನಿಯಮವು ಕಠಿಣವಾದುದು: ಸಂಘದ ಋಣಕ್ಕೆ ಪ್ರತಿಯೊಬ್ಬ ಸದಸ್ಯನೂ ಮಿತಿಯಿಲ್ಲದೆ ಹೊಣೆ. ನೆರೆಯವನು ತಪ್ಪಿದರೆ ತನ್ನ ಎತ್ತಿಗೂ ಕುತ್ತು. ಹಾಗಿದ್ದೂ ಜನರು ರುಜು ಹಾಕಿದರಲ್ಲ, ಅದೇನು ಟಂಕಸಾಲೆಯ ಕೆಲಸಕ್ಕಿಂತ ಕಡಮೆಯದೇ?

1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. 2011ರಲ್ಲಿ ನಾಲ್ಕಾಣೆಯ ಬಿಲ್ಲೆಯೂ ಚಲಾವಣೆ ಬಿಟ್ಟಿತು. ಇಂದು ಉಳ್ಳಾಗಡ್ಡಿ ಮಾರಿದ ರೈತನ ಹಣವು ಎಷ್ಟೋ ಸಲ ಲೋಹವೂ ಆಗದೆ ಕಾಗದವೂ ಆಗದೆ ಕೈಯೊಳಗಿನ ದೂರವಾಣಿಯಲ್ಲಿ ಬರಿಯ ಅಂಕೆಯಾಗಿ ಬಂದು ನಿಲ್ಲುತ್ತದೆ. ಆದರೂ ಸಾಲ ಕೇಳಹೋದಲ್ಲಿ 'ಜಾಮೀನು ಯಾರು?' ಎಂಬ ಪ್ರಶ್ನೆ ಮಾತ್ರ ಹಳೆಯದೇ. ಕಣಗಿನಹಾಳದವರು ಅದಕ್ಕೆ ಒಬ್ಬರ ಕೆಳಗೊಬ್ಬರು ತಮ್ಮ ಹೆಸರನ್ನೇ ಬರೆದಿದ್ದರು.