ನೆರೆಮನೆಯ ಸೊಗಸು

ಪರರ ನಡೆನುಡಿಗೆ ಮನಸೋತವನನ್ನು ಕಂಡರೆ ಲೋಕಕ್ಕೆ ಒಂದು ಬಗೆಯ ಅಸಮಾಧಾನ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಎತ್ತಿ ಅವನನ್ನು ಹಂಗಿಸಿಬಿಡುತ್ತದೆ. ಆದರೆ ನೆರೆಮನೆಯ ಅಂಗಳದಲ್ಲಿ ಅರಳಿದ ಮಲ್ಲಿಗೆಯ ಕಂಪು ಗೋಡೆಯನ್ನು ದಾಟಿ ಬಂದರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಾರೆಯೆ? ಹಾವೇರಿಯ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ರಾಜ್ಯೋತ್ಸವದ ಹಿಂದಿನ ಸಂಜೆ ಇದೇ ಪ್ರಶ್ನೆ ಎದ್ದಿತು.

ಮಾಸ್ತರರು ಜೀವನವೆಲ್ಲ ಕನ್ನಡ ಕಲಿಸಿದವರು. ಆದರೆ ಅವರ ಬಾಳಿನ ಸಣ್ಣಪುಟ್ಟ ಸುಖಗಳಲ್ಲಿ ಬಹುಪಾಲು ಮರಾಠಿ ನಾಡಿನಿಂದ ಬಂದವು. ಬೆಳಗಿನ ಚಹದ ಜೊತೆಗೆ ಬಾಲಗಂಧರ್ವರ ನಾಟ್ಯಗೀತೆ ಬೇಕು. ರವಿವಾರ ಥಾಲಿಪೀಠ ಬೇಕು. ದೀಪಾವಳಿಗೆ ಚಿವಡಾ, ಶಂಕರಪೋಳಿಗಳಾಗದೆ ಹಬ್ಬವೇ ಆಗಲಿಲ್ಲ. ಶ್ರೀಖಂಡ ಮಾಡಿದ ದಿನವಂತೂ, ಏಲಕ್ಕಿಯ ಹಾರಕ್ಕೆ ಹೆಸರಾದ ಊರಿನವರೆಂಬ ಅಭಿಮಾನದಿಂದ, ಏಲಕ್ಕಿಯನ್ನು ತಾವೇ ಪುಡಿಮಾಡಿ ಬೆರೆಸುವರು. ಆ ಮನೆಯಲ್ಲಿ ಚಿಕ್ಕಪ್ಪನೆಂದರೆ ‘ಕಾಕಾ’, ಅತ್ತಿಗೆಯೆಂದರೆ ‘ವೈನಿ’, ಸಂಬಳವೆಂದರೆ ‘ಪಗಾರ’.

ಇದು ಅವರೊಬ್ಬರ ಶೋಕಿಯಲ್ಲ. 1956ರವರೆಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದವು. ರಾಣೆಬೆನ್ನೂರಿನ ಸೀಮೆ ಮುಗಿದು, ತುಂಗಭದ್ರೆಯನ್ನು ದಾಟಿ ಹರಿಹರವನ್ನು ಸೇರಿದರೆ ಅದು ಮೈಸೂರು. ಅತ್ತ ಕಾಫಿಯ ನಾಡು, ಇತ್ತ ಚಹದ ನಾಡು. ಮಾತು ಮಾತ್ರ ಎರಡೂ ದಡದಲ್ಲಿ ಕನ್ನಡವೇ.

ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ರಜೆಗೆಂದು ಬಂದಿದ್ದ. ಅಂದು ಸಂಜೆ ಅವನು ಒಂದು ಹಾಳೆಯಲ್ಲಿ ಮನೆಯೊಳಗಿನ ಮರಾಠಿ ಮಾತುಗಳನ್ನೆಲ್ಲ ಪಟ್ಟಿ ಮಾಡಿ, ಎದುರಿಗೆ ಕನ್ನಡದ ಮಾತುಗಳನ್ನು ಬರೆದು ಅಜ್ಜನ ಮುಂದಿರಿಸಿದ.

“ಅಜ್ಜಾ, ನಾಳಿಂದ ನಮ್ಮ ಮನಿಯೊಳಗ ಈ ಶಬ್ದ ಬ್ಯಾಡ. ಒಂದು ಕಾಲಕ್ಕ ಈ ಕಡೆ ಕನ್ನಡದ ಹುಡುಗರು ಮರಾಠಿ ಸಾಲ್ಯಾಗ ಕಲೀಬೇಕಾಗಿತ್ತು ಅಂತ ನೀವ ಹೇಳೀರಿ. ಅದನ್ನ ಮರತು ಹೆಂಗ ಖುಷಿಪಡೋದು?”

ಮಾಸ್ತರರು ತಟ್ಟನೆ ಉತ್ತರಿಸಲಿಲ್ಲ. ಹುಡುಗನ ಮಾತಿನಲ್ಲಿ ಸತ್ಯವಿತ್ತು. 19ನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗದಿದ್ದರೆ, ತಾವು ಕನ್ನಡ ಮಾಸ್ತರರಾಗುವ ಯೋಗವೇ ಬರುತ್ತಿರಲಿಲ್ಲವೆಂಬುದನ್ನು ಅವರು ಬಲ್ಲರು. ಹೇರಿದ ಭಾಷೆಯ ಭಾರವನ್ನು ಮರೆಯುವುದು ಸುಲಭವಲ್ಲ, ಮರೆಯಲೂ ಬಾರದು.

ಪಟ್ಟಿಯ ಮೊದಲನೆಯ ಶಬ್ದ ‘ವೈನಿ’. ಆ ಹೆಸರಿನ ಒಡತಿ, ಮಾಸ್ತರರ ತೀರಿಹೋದ ಅಣ್ಣನವರ ಹೆಂಡತಿ, ಮೂಲೆಯಲ್ಲಿ ಕುಳಿತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಎಂಬತ್ತು ದಾಟಿದ ಮುದುಕಿ. ರಾಣೆಬೆನ್ನೂರಿನ ತವರಿನಿಂದ ಮದುಮಗಳಾಗಿ ಈ ಹೊಸ್ತಿಲನ್ನು ತುಳಿದ ದಿನವೇ ಮೈದುನಂದಿರು ಅವರನ್ನು ವೈನಿ ಎಂದು ಕರೆದಿದ್ದರು. ಮುಂದೆ ಮಕ್ಕಳು, ಮೊಮ್ಮಕ್ಕಳು, ಓಣಿಯವರು ಎಲ್ಲರಿಗೂ ಅವರು ವೈನಿಯೇ ಆದರು.

“ಆಗಲೇಳಪಾ, ಕನ್ನಡದಾಗ ಕರೀರಿ,” ಎಂದರು ಅವರು ಮೆಲ್ಲಗೆ. “ಆದರ ಅರವತ್ತು ವರ್ಷದಿಂದ ಎಲ್ಲಾರೂ ವೈನಿ ಅಂತನ ಕರದಾರ. ನಾಳೆ ಬ್ಯಾರೆ ಹೆಸರಿಲೆ ಕರದರ, ಯಾರನ್ನೋ ಕರೀಲಿಕ್ಕತ್ತಾರಂತ ನಾ ಸುಮ್ಮನ ಕೂತುಬಿಟ್ಟೇನು.”

ಯಾರೂ ನಗಲಿಲ್ಲ. ಹುಡುಗನ ಲೇಖನಿ ಹಾಳೆಯ ಮೇಲೆ ನಿಂತಿತು.

ಆಗ ಮಾಸ್ತರರು ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತೆಗೆದರು. ಅದು ಗಳಗನಾಥರ ಕಾದಂಬರಿ. ಇದೇ ಜಿಲ್ಲೆಯ ಹಾವನೂರಿನಲ್ಲಿ 1869ರಲ್ಲಿ ಜನಿಸಿ, ಶಾಲಾ ಮಾಸ್ತರರಾಗಿದ್ದ ಆ ಮಹನೀಯರು, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಮೆಚ್ಚಿ ಕನ್ನಡಕ್ಕೆ ತಂದರು, ತಾವೂ ಬರೆದರು, ಪುಸ್ತಕದ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ರುಚಿ ಕಂಡವರೇ ಕನ್ನಡಿಗರಿಗೆ ಕನ್ನಡ ಓದುವ ಗೀಳು ಹಿಡಿಸಿದರು. ಅವರು ಮೆಚ್ಚಿದ್ದು ನೆರೆಮನೆಯ ಸೊಗಸನ್ನು, ಬೆಳಗಿದ್ದು ತಮ್ಮ ಮನೆಯ ದೀಪವನ್ನು.

ಕೊಟ್ಟಿದ್ದೂ ಕಡಿಮೆಯಲ್ಲ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಹಾಡಿ ಮೆರೆದವರು. ಅವರ ನೆನಪಿನ ಸಂಗೀತೋತ್ಸವ 1953ರಲ್ಲಿ ಆರಂಭವಾದುದು ಪುಣೆಯಲ್ಲಿ. ಅದನ್ನು ಬೆಳೆಸಿದ ಭೀಮಸೇನ ಜೋಶಿಯವರು ಗದಗಿನವರು. ನಮ್ಮ ಅಡಕತ್ತು ಮರಾಠಿಗರ ಮನೆಯಲ್ಲಿ ‘ಅಡಕಿತ್ತಾ’ ಆಗಿದೆ. ದೂರದ ಸ್ಕಾಟ್ಲೆಂಡಿನ ಕಥೆಯೂ ಇಂಥದೇ. 1295ರಲ್ಲಿ ಫ್ರಾನ್ಸಿನೊಡನೆ ಬೆಳೆಸಿದ ಮೈತ್ರಿಯ ಕಾಲ ಎಂದೋ ಮುಗಿದರೂ, ಫ್ರೆಂಚರ ‘ಅಸಿಯೆಟ್’ ಎಂಬ ತಟ್ಟೆ ಅಲ್ಲಿನವರ ಮಾತಿನಲ್ಲಿ ‘ಅಶೆಟ್’ ಆಗಿ ಉಳಿದಿದೆ. ಅದರಿಂದ ಅವರೇನೂ ಫ್ರೆಂಚರಾಗಲಿಲ್ಲ. ರಾಜರ ಒಪ್ಪಂದಕ್ಕಿಂತ ಅಡಿಗೆಮನೆಯ ಒಪ್ಪಂದಕ್ಕೆ ಆಯುಷ್ಯ ಹೆಚ್ಚು.

“ಹೇರಿದ್ದನ್ನ ಇಳಿಸಬೇಕು, ತಮ್ಮಾ,” ಎಂದರು ಮಾಸ್ತರರು. “ಪ್ರೀತಿಲೆ ತಂದದ್ದನ್ನ ಯಾಕ ಹೊರಗ ಹಾಕೋದು? ಕನ್ನಡ ಓದೋದು, ಬರಿಯೋದು ಬಿಟ್ಟರ ಅದು ಕೆಡತದ. ಶ್ರೀಖಂಡ ತಿಂದರ ಕೆಡೂದಿಲ್ಲ.”

ಹುಡುಗ ಪೂರ್ಣವಾಗಿ ಒಪ್ಪಿದನೆಂದು ಹೇಳಲಾಗದು. ‘ಪಗಾರ’ವನ್ನು ಅವನು ಪಟ್ಟಿಯಲ್ಲಿಯೇ ಉಳಿಸಿಕೊಂಡ. ಆದರೆ ಮೊದಲನೆಯ ಶಬ್ದದ ಮೇಲೆ ಗೆರೆ ಎಳೆದ. ಬಳಿಕ ಮುದುಕಿಯ ಬಳಿಗೆ ಹೋಗಿ ಕುಳಿತು ತಾನೂ ತೊಟ್ಟು ಬಿಡಿಸತೊಡಗಿದ. ಆ ಮೆಣಸಿನಕಾಯಿ ಹೋಗಬೇಕಾದುದು ಪುಣೆಗೆ, ಅವರ ಮಗಳ ಮನೆಗೆ. ಅಲ್ಲಿನ ಪೇಟೆಯಲ್ಲಿ ಅದರ ಹೆಸರು ‘ಬೇಡಗಿ’. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಸರಕಾರ ಅದಕ್ಕೆ ಊರಿನ ಹೆಸರಿನ ಭೌಗೋಳಿಕ ಗುರುತನ್ನು ಕೊಟ್ಟಿತು. ಮರಾಠಿ ಗೃಹಿಣಿಯರು ಆ ಗುರುತನ್ನು ಅದಕ್ಕಿಂತ ಬಹಳ ಮೊದಲೇ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಧ್ವಜವೇರಿತು. ಮಾಸ್ತರರು ಮೊಮ್ಮಗನೊಡನೆ ಹೋಗಿ, ಕೈಮುಗಿದು ನಿಂತು, ಮರಳಿದರು. ಬಾಗಿಲಲ್ಲಿ ಚಪ್ಪಲಿ ಕಳಚುತ್ತಲೇ ಹುಡುಗ ಒಳಗೆ ಕೂಗಿದ:

“ವೈನೀ, ಚಹಾ ಆತೇನು?”

ಮುದುಕಿ ತಕ್ಷಣ ತಿರುಗಿ ನೋಡಿದರು.