ಮೈಕಿನ ತಂತಿ

ಸಭೆಯ ಕೊನೆಗೆ ವಂದನಾರ್ಪಣೆ ಮಾಡುವವರು ಹಾರ ತಂದವರಿಂದ ಹಿಡಿದು ಕುರ್ಚಿ ಹಾಕಿದವರವರೆಗೆ ಎಲ್ಲರನ್ನೂ ನೆನೆಯುತ್ತಾರೆ. ಮೈಕಿನ ತಂತಿ ಹಾಸಿದವನ ನೆನಪಾಗುವುದು ಮೈಕು ಕೈಕೊಟ್ಟಾಗ ಮಾತ್ರ. ಎರಡು ವರ್ಷಗಳಿಂದ ನಮ್ಮ ಕಾಲೇಜಿನಲ್ಲಿ ಈ ಅನಾಮಧೇಯ ಹುದ್ದೆ ನನ್ನದು.

ಮಿಕ್ಸರಿನ ಮಾತೆತ್ತಿದರೆ ನಮ್ಮ ಅಜ್ಜಿ, “ಅದರಲ್ಲಿ ಚಟ್ನಿ ಆಗುತ್ತೇನೋ?” ಎನ್ನುತ್ತಾರೆ. ಅವರ ಪ್ರಶ್ನೆ ಪೂರಾ ಅಸಂಗತವಲ್ಲ. ಹಾಡು, ಹಾರ್ಮೋನಿಯಂ, ತಬಲಗಳನ್ನು ಹದವಾಗಿ ಬೆರೆಸುವುದೇ ಅದರ ಕೆಲಸ. ಆದರೆ ಧ್ವನಿ ಅಲ್ಲಿಯವರೆಗೆ ಕೆಡದೆ ಬರಬೇಕಷ್ಟೆ! ಮೈಕಿನಿಂದ ಹೊರಡುವುದು ಕೆಲವೇ ಮಿಲಿವೋಲ್ಟು. ದಾರಿಯಲ್ಲಿ ದೀಪದ ತಂತಿಗಳ 50 ಹರ್ಟ್ಸಿನ ಗುಂಯ್‌ಕಾರ ಅಂಟಿಕೊಂಡರೆ ಮಿಕ್ಸರ್ ಎರಡನ್ನೂ ಸಮಭಾವದಿಂದ ದೊಡ್ಡದು ಮಾಡುತ್ತದೆ.

ಹೋದ ವರ್ಷದ ವಾರ್ಷಿಕೋತ್ಸವಕ್ಕೆ ಬಾಡಿಗೆಗೆ ಬಂದ ಸಾಮಾನಿನಲ್ಲಿ, ಗಿಟಾರಿಗೆ ಬಳಸುವಂಥ ಒಂಟಿ ಎಳೆಯ ಕೇಬಲನ್ನೇ ಮೈಕಿಗೂ ಹಾಕಿದ್ದರು. ಉದ್ದ ಸುಮಾರು 20 ಮೀಟರು. ನಮ್ಮ ತರಗತಿಯ ಗೆಳತಿಯೊಬ್ಬಳು ತಾಯಿಯಿಂದ ಕಲಿತ ಬೀಸುವ ಪದ ಹಾಡಲು ನಿಂತಳು. ಮೆಲುದನಿಯವಳು. ಗುಂಯ್‌ಕಾರದಲ್ಲಿ ಹಾಡು ಮುಳುಗಿತು. ಹಿಂದಿನ ಸಾಲಿನವರು ಸಿಳ್ಳೆ ಹಾಕಿದರು. ಎರಡನೆಯ ನುಡಿಗೇ ಇಳಿದುಬಂದು, “ನನ್ನ ದನಿ ಸಭೆಗೆ ಆಗುವಂಥದ್ದಲ್ಲ ಬಿಡು” ಎಂದಳು. ದೋಷ ತಂತಿಯದು, ಶಿಕ್ಷೆ ಕೊರಳಿಗೆ! ಇದು ನನಗೆ ಸರಿಕಾಣಲಿಲ್ಲ.

ಈ ವರ್ಷ ಹಟಹಿಡಿದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲುಗಳನ್ನೇ ತರಿಸಿದೆವು. ಇದರ ಮೊದಲನೆಯ ಪಿನ್ನು ಹೊರಕವಚದ್ದು. ಎರಡು ಮತ್ತು ಮೂರನೆಯವು ಒಂದೇ ಧ್ವನಿಯನ್ನು ಒಂದಕ್ಕೊಂದು ತಿರುವುಮುರುವಾಗಿ ಹೊತ್ತು ತರುತ್ತವೆ. ದಾರಿಯ ಕೊಳೆ ಮಾತ್ರ ಎರಡಕ್ಕೂ ಒಂದೇ ರೀತಿ ಮೆತ್ತುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಕೊಳೆ ಕಳೆದುಹೋಗಿ ಧ್ವನಿ ಉಳಿಯುತ್ತದೆ. ತಬಲಕ್ಕಿಟ್ಟ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟನ್ನು ಮಿಕ್ಸರೇ ಈ ಕೇಬಲಿನ ಮೂಲಕ ಕಳಿಸುತ್ತದೆ. ಇದಕ್ಕೆ ‘ಫ್ಯಾಂಟಮ್ ಪವರ್’ ಎಂಬ ಭೂತದ ಹೆಸರು. ಅದನ್ನು ಹಾಕುವ ಮುನ್ನ ಆ ಚಾನಲಿನ ಧ್ವನಿ ಇಳಿಸದಿದ್ದರೆ ಭೂತ ನಿಜವಾಗಿಯೇ ಸ್ಪೀಕರಿನಲ್ಲಿ ಗುದ್ದುತ್ತದೆ! ಹಾಡುವವರ ಡೈನಮಿಕ್ ಮೈಕಿಗೆ ಈ ಉಪಚಾರ ಬೇಡ. ಮೈಕಿನ ಕೇಬಲನ್ನು ದೀಪದ ತಂತಿಯ ಜೊತೆಜೊತೆಯಾಗಿ ಎಳೆಯಲಿಲ್ಲ. ದಾಟಲೇಬೇಕಾದ ಕಡೆ ಅಡ್ಡಡ್ಡವಾಗಿ ದಾಟಿಸಿದೆವು.

ಹಿಂದಿನ ದಿನ ಖಾಲಿ ಸಭಾಂಗಣದಲ್ಲಿ ಗೆಳತಿಯನ್ನು ಬಲವಂತದಿಂದ ಹಾಡಿಸಿದೆ. ಒಂದು ನುಡಿ ಮುಗಿಸಿ ಸ್ಪೀಕರಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, “ಇನ್ನೊಂದು ನುಡಿ ಹಾಡಲಾ?” ಎಂದಳು.

ಮರುದಿನ ಪದ ಪೂರ್ತಿಯಾಯಿತು. ಹಿಂದಿನ ಸಾಲಿನವರು ಈ ಸಲವೂ ಸಿಳ್ಳೆ ಹಾಕಿದರು. ಆದರೆ ಅದರ ಜಾತಿಯೇ ಬೇರೆ.

ಮುಂದೆ ಈ ಹುದ್ದೆಗೆ ಬರುವ ಕಿರಿಯ ಮಿತ್ರರಿಗೆ ನನ್ನದೊಂದೇ ಬಿನ್ನಹ. ಯಾರ ದನಿಯಾದರೂ ಕೇಳಿಸದಿದ್ದರೆ ಅವರ ಕೊರಳನ್ನು ಹಳಿಯುವ ಮುನ್ನ ಒಮ್ಮೆ ಬಗ್ಗಿ ತಂತಿಯನ್ನು ನೋಡಿ.