ಕೈತೋಟದಲ್ಲಿ ಬೆತ್ತದ ಕುರ್ಚಿ

ಮನೆಯ ಮುಂದೆ ನಾಲ್ಕು ಹೂಗಿಡಗಳನ್ನು ಬೆಳೆಸಿಕೊಂಡ ಗೃಹಸ್ಥನಿಗೆ ಅವುಗಳ ಮಧ್ಯೆ ಕುಳಿತು ಸಾಯಂಕಾಲವನ್ನು ಕಳೆಯಲು ಒಂದು ಆಸನವೂ ಬೇಕಾಗುವುದು ಸಹಜವೇ ಸರಿ. ಕಲ್ಲುಬೆಂಚು ಚಳಿಗಾಲದಲ್ಲಿ ಕೊರೆಯುತ್ತದೆ, ಬೇಸಗೆಯಲ್ಲಿ ಸುಡುತ್ತದೆ. ಕಬ್ಬಿಣದ ಕುರ್ಚಿಯ ಗುಣವೂ ಅದೇ. ಮೇಲಾಗಿ ಅದು ತುಕ್ಕುಹಿಡಿದು ಉಟ್ಟ ಪಂಚೆಗೆ ಕಲೆಯನ್ನಂಟಿಸುತ್ತದೆ. ತೇಗದ ಕುರ್ಚಿ ಗಟ್ಟಿಯಾದುದೇನೋ ನಿಜ. ಆದರೆ ಅದನ್ನು ಸರಿಸಲು ಇಬ್ಬರು ಬೇಕು. ಇವೆಲ್ಲವನ್ನೂ ನೋಡಿದ ಮೇಲೆ ನಾವು ಬೆತ್ತದ ಪಕ್ಷವನ್ನು ವಹಿಸಿದವರು. ಅದರ ಕಾರಣಗಳನ್ನೂ, ಬೆತ್ತದ ಸಾಮಾನನ್ನು ಆರಿಸಿ ಕಾಪಾಡುವ ಕ್ರಮವನ್ನೂ ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಬೆತ್ತವೆಂಬುದು ಸಂಸ್ಕೃತದ ‘ವೇತ್ರ’ ಶಬ್ದದ ತದ್ಭವ. ಅರಮನೆಯ ದ್ವಾರಪಾಲಕನು ‘ವೇತ್ರಧರ’. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಪ್ರತೀಹಾರಿಯ ಹೆಸರೇ ವೇತ್ರವತಿ. ಬೆತ್ತದಿಂದ ಹೆಣೆದ ಪೀಠಕ್ಕೆ ‘ವೇತ್ರಾಸನ’ವೆಂದು ಹೆಸರು. ನಮ್ಮಂತಹ ಉಪಾಧ್ಯಾಯರ ಮೇಜಿನ ಮೇಲೆಯೂ ಅದೇ ಬೆತ್ತವು ಬಹುಕಾಲ ವಿರಾಜಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳಿಗೆ ದೈಹಿಕ ದಂಡನೆಯನ್ನು ನಿಷೇಧಿಸಿದ ಮೇಲೆ ಅದು ಶಾಲೆಯಿಂದ ನಿವೃತ್ತವಾಯಿತು. ಕೆಲವು ವರ್ಷಗಳ ತರುವಾಯ ನಾವೂ ನಿವೃತ್ತರಾದೆವು. ಅಂದು ನಾವು ಹಿಡಿಯುತ್ತಿದ್ದ ಬೆತ್ತ ಇಂದು ನಮ್ಮನ್ನು ಹೊತ್ತುಕೊಂಡಿದೆ.

ಬೆತ್ತವನ್ನು ಬಿದಿರಿನ ಒಂದು ಜಾತಿಯೆಂದು ಹಲವರು ಭಾವಿಸುವುದುಂಟು. ಹಾಗಲ್ಲ. ಬಿದಿರು ಹುಲ್ಲಿನ ವರ್ಗಕ್ಕೆ ಸೇರಿದುದು. ಬೆತ್ತವಾದರೋ ತೆಂಗು, ಅಡಕೆ, ಈಚಲುಗಳ ದಾಯಾದಿ. ಮೈಯೆಲ್ಲ ಮುಳ್ಳಾದ ಈ ಬಳ್ಳಿಯು ಕೊಕ್ಕೆಮುಳ್ಳುಗಳಿಂದ ನೆರೆಯ ಮರಗಳನ್ನು ಹಿಡಿದುಕೊಂಡು ಬೆಳಕನ್ನರಸಿ ಮೇಲೇರುತ್ತದೆ. ಕೆಲವು ಜಾತಿಗಳು 100 ಮೀಟರಿಗೂ ಮೀರಿ ಬೆಳೆಯುತ್ತವೆ. ಬಿದಿರಿನ ಒಳಗು ಪೊಳ್ಳು. ಬೆತ್ತದ ಒಳಗು ತುಂಬಿದುದು. ಆದುದರಿಂದಲೇ ಕಾಸಿ ಬಗ್ಗಿಸಿದರೆ ಅದು ಸೀಳದೆ ಬಾಗಿ, ತಣಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಹಂದಿಬೆತ್ತ, ನಾಗಬೆತ್ತ ಮೊದಲಾದವು ಬೆಳೆಯುತ್ತವೆ. ಪ್ರಪಂಚದ ವ್ಯಾಪಾರಕ್ಕೆ ಒದಗುವುದರಲ್ಲಿ ಹೆಚ್ಚಿನದು ಇಂಡೋನೇಷ್ಯಾದ ದ್ವೀಪಗಳದು.

ಕೊಳ್ಳುವವನು ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡತಕ್ಕದ್ದು. ಮೇಲಿನ ಹೊಳಪು ಮರೆಸುವುದನ್ನು ಅಡಿಯ ಭಾಗವು ಹೇಳಿಬಿಡುತ್ತದೆ. ಕಾಲುಗಳು ಹೆಬ್ಬೆರಳಿಗಿಂತ ತೆಳುವಾಗಿರಬಾರದು. ಸಂದುಗಳಲ್ಲಿ ಸುತ್ತಿದ ಬೆತ್ತದ ಸೀಳು ಬಿಗಿಯಾಗಿರಬೇಕು. ಅದರ ತುದಿ ಎಲ್ಲಿಯೂ ಎದ್ದಿರಕೂಡದು. ಸೂಜಿಯಿಂದ ಚುಚ್ಚಿದಂತಹ ತೂತುಗಳೂ ಹಿಟ್ಟಿನಂತಹ ಪುಡಿಯೂ ಕಂಡರೆ ನುಸಿ ಹೊಕ್ಕಿದೆಯೆಂದು ತಿಳಿದು, ಬೆಲೆ ಎಷ್ಟೇ ಕಡಮೆಯಾಗಿದ್ದರೂ ಬಿಟ್ಟು ಬರಬೇಕು. ದಪ್ಪವಾಗಿ ಬಣ್ಣ ಬಳಿದುದನ್ನು ಸಂದೇಹದಿಂದಲೇ ನೋಡುವುದು ಲೇಸು. ಬೆತ್ತದ ಸಿಪ್ಪೆ ನುಣುಪಾಗಿ ಗಡುಸಾಗಿ ನೀರನ್ನು ಜಾರಿಸುತ್ತದೆ. ಒಳತಿರುಳು ನೀರನ್ನು ಹೀರುತ್ತದೆ. ಆದಕಾರಣ ತೋಟದ ಬಳಕೆಗೆ ಸಿಪ್ಪೆಯುಳ್ಳ ಬೆತ್ತವೇ ತಕ್ಕದ್ದು. ಮನೆಯಲ್ಲಿ ವೃದ್ಧರಿದ್ದರೆ ಕುರ್ಚಿಯ ಪೀಠವು ಮೊಣಕಾಲಿನ ಮಟ್ಟಕ್ಕಿರಲಿ; ಕೈಗಳು ಊರಿ ಏಳುವಷ್ಟು ಗಟ್ಟಿಯಾಗಿರಲಿ. ತಗ್ಗಾದ ಕುರ್ಚಿ ನೋಟಕ್ಕೆ ಸೊಗಸು, ಏಳುವಾಗ ಸಂಕಟ.

ಈ ಮಾತನ್ನು ನಾವು ಮನೆಯ ಅನುಭವದಿಂದ ಹೇಳುತ್ತಿದ್ದೇವೆ. ನಮ್ಮ ಮನೆಯವರಿಗೆ ಮೂರು ವರ್ಷಗಳಿಂದ ಮಂಡಿನೋವು. ನೆಲದ ಮೇಲೆ ಕೂರಲಾರರು. ಬೆಳಗ್ಗೆ ಪಾರಿಜಾತದ ಬಳಿ, ಹೊತ್ತೇರಿದ ಮೇಲೆ ಮಾವಿನ ನೆರಳಿನಲ್ಲಿ, ಸಂಜೆ ಗೇಟಿನ ಹತ್ತಿರ, ಹೀಗೆ ಬೆತ್ತದ ಕುರ್ಚಿಯನ್ನು ತಾವೇ ಒಂದು ಕೈಯಲ್ಲಿ ಎತ್ತಿಕೊಂಡು ಹೋಗಿ, ಹೂ ಕಟ್ಟುತ್ತ, ಸೊಪ್ಪು ಬಿಡಿಸುತ್ತ ಕುಳಿತಿರುವುದು ಅವರ ಪದ್ಧತಿ. ಕಳೆದ ವರ್ಷ ಅದರ ಪೀಠದ ಹೆಣಿಗೆ ಹರಿಯಿತು. ಅಂಗಳದಲ್ಲಿ ತೇಗದ ಕುರ್ಚಿಯನ್ನಿಟ್ಟೆವು. ಬಿಸಿಲು ಸರಿದಂತೆಲ್ಲ ಅದನ್ನು ಸರಿಸಲು ಅವರು ಯಾರನ್ನಾದರೂ ಕೂಗಬೇಕಾಯಿತು. ನಾಲ್ಕಾರು ದಿನ ಕೂಗಿದರು. ಆಮೇಲೆ ಕೂಗುವುದನ್ನು ಬಿಟ್ಟರು. ಅನಂತರ ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಏಕೆಂದು ಕೇಳಿದರೆ, “ಒಳಗೇ ತಂಪಾಗಿದೆಯಲ್ಲ” ಎಂದರು. ಹಗುರವಾದೊಂದು ಕುರ್ಚಿ ಇಲ್ಲದ ಮಾತ್ರಕ್ಕೆ ಮನುಷ್ಯನ ಪ್ರಪಂಚವು ಎಷ್ಟು ಕಿರಿದಾಗಬಲ್ಲದೆಂಬುದನ್ನು ನಾವು ಆಗ ಕಂಡೆವು.

ಈ ಸಮಾಚಾರ ತಿಳಿದು ಬೆಂಗಳೂರಿನಲ್ಲಿರುವ ನಮ್ಮ ಮಗನು, “ಅಪ್ಪಾ, ಪ್ಲಾಸ್ಟಿಕ್ ಬೆತ್ತದ ಕುರ್ಚಿಗಳನ್ನು ಕಳಿಸುತ್ತೇನೆ, ಮಳೆಯಲ್ಲಿ ಬಿಟ್ಟರೂ ಏನೂ ಆಗುವುದಿಲ್ಲ” ಎಂದನು. ಅವನ ಮಾತು ಸುಳ್ಳಲ್ಲ. ಅಲ್ಯುಮಿನಿಯಮ್ಮಿನ ಚೌಕಟ್ಟಿನ ಮೇಲೆ ಪಾಲಿಥೀನ್ ಎಳೆಗಳನ್ನು ಹೆಣೆದ ಈ ಕುರ್ಚಿಗಳು ಹಗುರವೂ ಹೌದು. ನೆರಳಿಲ್ಲದ ಬಯಲು ಮಹಡಿಗೆ ಅವೇ ಯುಕ್ತವೆಂದು ಒಪ್ಪುತ್ತೇವೆ. ಆದರೆ ಅವುಗಳ ಎಳೆ ಬಿಸಿಲಿಗೆ ಸೆಡೆತು ಮುರಿದಾಗ ಹೊಸದಾಗಿ ಹೆಣೆದುಕೊಡುವವರು ನಮ್ಮಲ್ಲಿಲ್ಲ. ಎಸೆದರೆ ಮಣ್ಣಿನಲ್ಲಿ ಕರಗುವುದೂ ಇಲ್ಲ. ನಮ್ಮ ಹಳೆಯ ಕುರ್ಚಿಯ ಚೌಕಟ್ಟಾದರೋ ಭದ್ರವಾಗಿಯೇ ಇದ್ದಿತು.

ಆದುದರಿಂದ ಅದನ್ನು ಮೈಸೂರಿನ ಬಂಬೂ ಬಜಾರಿನ ಕಡೆ ಕುಳಿತು ಕೆಲಸಮಾಡುವ ವೃದ್ಧ ಮೇದರೊಬ್ಬರ ಬಳಿಗೆ ಒಯ್ದೆವು. ಅವರು ಸೀಳುಗಳನ್ನು ನೀರಿನಲ್ಲಿ ನೆನೆಹಾಕಿ, ಹಳೆಯ ಹೆಣಿಗೆಯನ್ನು ಕತ್ತರಿಸಿ ತೆಗೆದು, ಆರು ದಿಕ್ಕುಗಳಿಂದ ಎಳೆ ಎಳೆದು ಜೇನುಗೂಡಿನಂತಹ ಕಣ್ಣುಗಳನ್ನು ಮೂಡಿಸಿದರು. ಹಸಿಯ ಸೀಳು ಒಣಗುತ್ತ ಬಿಗಿಯುವುದೇ ಈ ವಿದ್ಯೆಯ ಮರ್ಮ. ಈ ಕಸುಬನ್ನು ಮುಂದುವರಿಸುವವರಾರೆಂದು ಕೇಳಿದುದಕ್ಕೆ, “ಕಣ್ಣು ಕಾಣೋ ತನಕ ನಾನು ಮಾಡ್ತೀನಿ ಮೇಷ್ಟ್ರೇ, ಹುಡುಗ್ರು ಇದಕ್ಕೆ ಬರಲ್ಲ” ಎಂದರು. 12ನೆಯ ಶತಮಾನದಲ್ಲಿ ಶರಣ ಮೇದರ ಕೇತಯ್ಯನು ಕಾಯಕವೆಂದು ನಡೆಸಿದ ಮನೆತನದ ವಿದ್ಯೆಯಿದು. ಕುರ್ಚಿ ಮನೆಗೆ ಬಂದ ಮರುದಿನ ನಮ್ಮ ಮನೆಯವರು ಪಾರಿಜಾತದ ಬಳಿ ಕುಳಿತಿದ್ದರು.

ಇನ್ನು ಪಾಲನೆಯ ವಿಷಯ. ಬೆತ್ತಕ್ಕೆ ಶತ್ರುಗಳು ಇಬ್ಬರು: ಸುಡುಬಿಸಿಲು ಮತ್ತು ನಿಂತ ತೇವ. ಬಿಸಿಲಿಗೆ ಬಿಟ್ಟರೆ ಒಣಗಿ ಬಿರುಕುಬಿಡುತ್ತದೆ. ತೇವದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಕುರ್ಚಿಯನ್ನು ಜಗಲಿಗೆ ಸೇರಿಸಿರಿ. ಆಕಸ್ಮಾತ್ತಾಗಿ ನೆನೆದರೆ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಆರಿಸಿರಿ, ಬಿಸಿಲಿಗಿಡಬೇಡಿರಿ. ಕಾಲುಗಳು ಹಸಿಮಣ್ಣಿನಲ್ಲಿ ಊರದಂತೆ ಅಡಿಯಲ್ಲಿ ರಬ್ಬರ್ ಬುಷ್ ಹಾಕಿಸಿರಿ. ವಾರಕ್ಕೊಮ್ಮೆ ಮೆತ್ತನೆಯ ಕುಂಚದಿಂದ ಸಂದುಗಳ ಧೂಳು ತೆಗೆದು, ತಿಂಗಳಿಗೊಮ್ಮೆ ಒದ್ದೆಬಟ್ಟೆಯನ್ನು ಹಿಂಡಿ ಒರೆಸಿದರೆ ಸಾಕು.

ಪೀಠವು ಹರಿಯದೆ ಬರಿದೆ ಜೋತಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅದರ ಅಡಿಭಾಗವನ್ನು ಚೆನ್ನಾಗಿ ನೆನೆಸಿ, ಒಂದು ರಾತ್ರಿ ಯಾರೂ ಕೂರದಂತೆ ಒಣಗಬಿಡಿರಿ, ಬಹುಮಟ್ಟಿಗೆ ಬಿಗಿದುಕೊಳ್ಳುತ್ತದೆ. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಒರೆಸುವುದುಂಟು. ಆ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆಸೆಯಬಾರದು. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸತಕ್ಕದ್ದು. ಎದ್ದ ಎಳೆಯೊಂದನ್ನು ಕಂಡ ದಿನವೇ ಕಟ್ಟಿಬಿಡಿರಿ. ಇಲ್ಲವಾದರೆ ಅದು ನೆರೆಯ ಎಳೆಗಳನ್ನೂ ಸಡಿಲಿಸುತ್ತದೆ.

ಇಷ್ಟನ್ನು ನಡೆಸಿದರೆ ಬೆತ್ತದ ಕುರ್ಚಿಯು ಗೃಹಸ್ಥನಿಗೆ ದೀರ್ಘಕಾಲದ ಸಂಗಾತಿಯಾಗುವುದರಲ್ಲಿ ಸಂಶಯವಿಲ್ಲ. ವಾಚಕರ ಮನೆಯ ಅಟ್ಟದ ಮೇಲೆ ಪೀಠ ಹರಿದ ಹಳೆಯ ಕುರ್ಚಿಯೊಂದು ಬಿದ್ದಿದ್ದರೆ ಅದನ್ನು ಕೆಳಗಿಳಿಸಿ ಚೌಕಟ್ಟನ್ನು ಪರೀಕ್ಷಿಸಿರಿ. ಅದು ಗಟ್ಟಿಯಾಗಿದ್ದರೆ, ಹೊಸದನ್ನು ಕೊಳ್ಳುವ ಮುನ್ನ ನಿಮ್ಮ ಊರಿನಲ್ಲಿ ಬೆತ್ತ ಹೆಣೆಯಬಲ್ಲವರು ಯಾರೆಂದು ವಿಚಾರಿಸಿ, ಅವರ ಕಣ್ಣು ಕಾಣುತ್ತಿರುವಾಗಲೇ ಆ ಕೆಲಸವನ್ನು ಅವರ ಕೈಗೊಪ್ಪಿಸಿರಿ.